ಹಾಯಿ ಬಿಚ್ಚುವ ಮುನ್ನ

ಆಷಾಢದ ಗಾಳಿಗೆ ಮಂಡ್ಯದ ಸೀಮೆಯಲ್ಲಿ ಒಳ್ಳೆಯ ಹೆಸರಿಲ್ಲ. ಮದುವೆ ಮುಂಜಿಗಳಿಗೆ ಸಲ್ಲದ ತಿಂಗಳಿನ ಗಾಳಿ ಅದು. ತೆಂಗಿನ ಗರಿಯನ್ನು ಮುರಿದು ಕೆಡಹುತ್ತದೆ. ಬಾಳೆಯ ಎಲೆಯನ್ನು ಸೀಳಿ ಚಿಂದಿ ಮಾಡುತ್ತದೆ. ಹೊಸ ಸೊಸೆಯನ್ನು ತವರಿಗೆ ಕಳುಹಿಸಿದ ಮನೆಯ ಬಾಗಿಲನ್ನು ಹಗಲಿರುಳು ಬಡಿಯುತ್ತದೆ. ಮೋಡವನ್ನು ಹೊತ್ತು ತರುವುದೆಂಬ ಒಂದೇ ಕಾರಣಕ್ಕೆ ರೈತನು ಅದರ ಉಪಟಳವನ್ನು ಸೈರಿಸುತ್ತಾನೆ. ಆದರೆ ಈ ಗಾಳಿಗಾಗಿಯೇ ವರ್ಷವೆಲ್ಲ ಕಾದು ಕುಳಿತಿರುವ ಮತ್ತೊಂದು ಬಗೆಯ ಜನರೂ ಇದ್ದಾರೆ. ಅವರು ಹಾಯಿದೋಣಿಯವರು.

ಮೈಸೂರಿನಿಂದ ಬನ್ನೂರಿನ ಮಾರ್ಗವಾಗಿ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಕಿರುಗಾವಲಿನಲ್ಲಿ ಹಾಯಿದೋಣಿಯ ಮಾತೆತ್ತಿದರೆ ಕೇಳಿದವರು ನಕ್ಕಾರು. ಕಿರಿದಾದ ಕಾವಲು ಕಿರುಗಾವಲು; ಆದೇಶಸಂಧಿಯಿಂದ ಕಕಾರವು ಗಕಾರವಾಗಿದೆ. ದನ ಮೇಯುವ ಹುಲ್ಲುಗಾವಲೋ, ದಾರಿ ಕಾಯುವ ಕಾವಲೋ, ಯಾವುದನ್ನು ಹಿಡಿದರೂ ಹೆಸರಿನಲ್ಲಿ ನೀರಿನ ಸುಳಿವಿಲ್ಲ. ಆದರೂ ಈ ಸುತ್ತಿನ ಗದ್ದೆಗಳ ಭತ್ತವು ಬದುಕಿರುವುದು ದೂರದ ಕನ್ನಂಬಾಡಿಯ ಕಟ್ಟೆಯ ನೀರಿನಿಂದ. ಹುಲಿಕೆರೆಯ ಸುರಂಗವನ್ನು ನುಸುಳಿ ಬರುವ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರುಗಳನ್ನು ತಣಿಸಿ ಉಳಿದುದನ್ನು ಮಳವಳ್ಳಿಗೆ ತಲಪಿಸುತ್ತದೆ. ನಾಲೆಯ ಕೊನೆಯ ಭಾಗದವರಿಗೆ ನೀರು ಯಾವಾಗಲೂ ಕಡೆಯ ಪಂಕ್ತಿಯ ಊಟ. ಆದುದರಿಂದ ಕಟ್ಟೆಯ ಮಟ್ಟ ಇಂದು ಎಷ್ಟು ಅಡಿಯೆಂಬುದನ್ನು ಇಲ್ಲಿಯ ಹೋಟೆಲಿನಲ್ಲಿ ಕಾಫಿ ಕುಡಿಯುವವರೂ ಪಂಚಾಂಗದ ತಿಥಿಯಂತೆ ಕೇಳಿ ತಿಳಿದುಕೊಳ್ಳುತ್ತಾರೆ. ಅದೇ ಅಂಕಿಯನ್ನು ಅಷ್ಟೇ ಕಾತರದಿಂದ ಕೇಳುವವನು ಹಾಯಿದೋಣಿಯ ಆಟಗಾರ. ಒಂದೇ ನೀರಿಗೆ ಕಣ್ಣಿಟ್ಟಿರುವ ಈ ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ, ಅಷ್ಟೆ.

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ಯೋಜನೆ, ಸುರ್ಕಿಯ ಗಾರೆ, ಈ ಸಂಗತಿಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡಿ ನಿಂತ ಆ ಜಲರಾಶಿ 124.80 ಅಡಿಯ ಮಟ್ಟಕ್ಕೆ ಏರಿದಾಗ ಕಟ್ಟೆಯಲ್ಲಿ 49.45 ಟಿ.ಎಂ.ಸಿ. ನೀರು ನಿಂತಿರುತ್ತದೆ. ಬೃಂದಾವನದ ಕಾರಂಜಿಯನ್ನು ನೋಡಲು ಹೋದವರು ಕಟ್ಟೆಯ ಮುಂಭಾಗವನ್ನು ಮಾತ್ರ ಕಂಡು ಹಿಂದಿರುಗುತ್ತಾರೆ. ಬೆನ್ನಿನ ಕಡೆಗೆ ಮೈಲಿಗಟ್ಟಲೆ ಹರಡಿದ ಹಿನ್ನೀರಿದೆ. ನಡುವೆ ಗಾಳಿಯನ್ನು ತಡೆಯುವ ಮರವಿಲ್ಲ, ಮನೆಯಿಲ್ಲ. ನೈಋತ್ಯದ ಮಾರುತವು ಅಲ್ಲಿ ನೀರಿನ ಮೇಲೆ ನಿರಾತಂಕವಾಗಿ ಓಡಿ ಬರುತ್ತದೆ. ಹಾಯಿಗೆ ಇದಕ್ಕಿಂತ ಬೇಕಾದುದೇನು? ರಾಯಲ್ ಮೈಸೂರ್ ಸೇಲಿಂಗ್ ಕ್ಲಬ್ಬು ನೆಲೆಗೊಂಡಿರುವುದು ಈ ಹಿನ್ನೀರಿನ ದಂಡೆಯಲ್ಲಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಅಭ್ಯಾಸ ಮಾಡುವ ಮದರಾಸು ಎಂಜಿನಿಯರ್ ಪಡೆಯ ತೃಷ್ಣಾ ಕ್ಲಬ್ಬಿನವರೂ ದೊಡ್ಡ ಪಂದ್ಯಗಳಿಗೆ ಇಲ್ಲಿಗೆ ಬಂದಿದ್ದಾರೆ.

ಈ ಕೂಟಗಳಲ್ಲಿ ಓಡುವ ಚಿಕ್ಕ ದೋಣಿಗೆ ಡಿಂಗಿಯೆಂದು ಹೆಸರು. ಹಿಂದಿ ಬಂಗಾಳಿಗಳ ಈ ಮಾತನ್ನು ಆಂಗ್ಲರು ನಮ್ಮ ದೇಶದಿಂದ ಒಯ್ದು, ಒಂದು ಹಕಾರವನ್ನು ಸೇರಿಸಿ ಬರೆದು, ಮತ್ತೆ ನಮಗೇ ಹಿಂದಿರುಗಿಸಿದರು. ಸಾಲ ಕೊಟ್ಟವನು ತನ್ನ ಹಣವನ್ನೇ ಬಡ್ಡಿಯೆಂದು ಪಡೆದಂತಾಯಿತು. ಇಂದು ಪಂದ್ಯದ ಡಿಂಗಿಗಳಲ್ಲಿ ಬಹುಪಾಲು ಗಾಜಿನ ನಾರಿನಿಂದ ಎರಕ ಹೊಯ್ದಂಥವು. ಅವಕ್ಕೆ ಕೊಳೆಯುವ ಭಯವಿಲ್ಲ, ಗೆದ್ದಲಿನ ಭಯವಿಲ್ಲ. ಅವಕ್ಕೆ ಮುನ್ನ ಬಂದ ಮರದ ಪೀಳಿಗೆಯು ಹಳೆಯ ಕ್ಲಬ್ಬುಗಳ ದೋಣಿಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದೆ. ಬ್ರಿಟನ್ನಿನಲ್ಲಿ ಇಂಥ ಹಳೆಯ ಪಂದ್ಯದ ದೋಣಿಗಳಿಗಾಗಿಯೇ ಒಂದು ಸಂಘವಿದೆ. ಅವುಗಳಿಗೆಂದೇ ಬೇಸಗೆಯಲ್ಲಿ ಕೂಟಗಳು ನಡೆಯುತ್ತವೆ. ಅಲ್ಲಿ ಹೊಸ ದೋಣಿಗೆ ಪ್ರವೇಶವಿಲ್ಲ, ವಯಸ್ಸಾದುದೇ ಅರ್ಹತೆ. ಮನುಷ್ಯರ ಲೋಕದಲ್ಲಿ ಇಂಥ ನಿಯಮವಿರುವ ಕಚೇರಿಗಳು ಕಡಮೆ.

ಆ ಪೀಳಿಗೆಯ ಒಂದೆರಡು ದೋಣಿಗಳ ಜಾತಕವನ್ನು ನೋಡುವುದು ಒಳ್ಳೆಯದು. ಜ್ಯಾಕ್ ಹೋಲ್ಟ್ ಎಂಬ ಆಂಗ್ಲ ಶಿಲ್ಪಿ 1956ರಲ್ಲಿ ಎಂಟರ್‌ಪ್ರೈಸ್ ಎಂಬ ದೋಣಿಯನ್ನು ರೂಪಿಸಿದನು. ಉದ್ದ 4.04 ಮೀಟರು, ಇಬ್ಬರು ಸವಾರರು, ನೀಲಿ ಹಾಯಿ. ಅದಕ್ಕೆ ಬೆಂಬಲವಾಗಿ ನಿಂತುದು ನ್ಯೂಸ್ ಕ್ರಾನಿಕಲ್ ಎಂಬ ದಿನಪತ್ರಿಕೆ. ಪ್ಲೈವುಡ್ಡಿನ ಹಲಗೆಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ್ದರಿಂದ ಗುಮಾಸ್ತರೂ ಉಪಾಧ್ಯಾಯರೂ ದೋಣಿಯ ಒಡೆಯರಾದರು. ಪತ್ರಿಕೆಯು 1960ರಲ್ಲಿ ನಿಂತುಹೋಯಿತು. ದೋಣಿ ಇನ್ನೂ ಓಡುತ್ತಿದೆ. ಭಾರತದ ಕ್ಲಬ್ಬುಗಳಲ್ಲಿಯೂ ಸೇನೆಯ ತಂಡಗಳಲ್ಲಿಯೂ ಎಂಟರ್‌ಪ್ರೈಸು ಬಹುಕಾಲದ ಪರಿಚಿತ. ಅದೇ ಹೋಲ್ಟ್ ಮತ್ತೊಬ್ಬನೊಡನೆ ಸೇರಿ ರೂಪಿಸಿದ ಮಿರರ್ ಎಂಬ ದೋಣಿ 1963ರಲ್ಲಿ ಇನ್ನೊಂದು ಪತ್ರಿಕೆಯ ಆಶ್ರಯದಲ್ಲಿ ಬಂದಿತು. ಅದರ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ಅಂಟಿಸುತ್ತಾರೆ. ಪಶ್ಚಿಮದವರು ಇದನ್ನು ಹೊಸ ಉಪಾಯವೆಂದು ಕೊಂಡಾಡಿದರು. ಅರಬ್ಬೀ ಸಮುದ್ರದ ತೀರದಲ್ಲಿ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ದೋಣಿ ಕಟ್ಟುವ ವಿದ್ಯೆ ಎಷ್ಟೋ ಶತಮಾನಗಳ ಹಿಂದಿನದು.

ಹಾಗಿರಲಿ. ವರ್ಷಗಟ್ಟಲೆ ಬೋರಲು ಬಿದ್ದಿದ್ದ ಇಂಥದೊಂದು ಮರದ ದೋಣಿಯನ್ನು ಆಷಾಢದ ಕೂಟಕ್ಕೆ ಸಿದ್ಧಪಡಿಸಬೇಕೆಂದು ಒಬ್ಬನು ಮನಸ್ಸು ಮಾಡಿದನೆಂದು ಭಾವಿಸೋಣ. ಅವನು ಅದನ್ನು ಕಿರುಗಾವಲಿನಂಥ ಊರಿನ ಗಾಡಿಬಡಗಿಯ ಮುಂದೆ ತಂದು ಇಳಿಸಿದರೆ ಏನಾದೀತು? ಬಡಗಿಯು ಹಾಯಿಯನ್ನು ಕಂಡವನಲ್ಲ. ಆದರೆ ಮರವನ್ನು ಕಂಡವನು. ಮೊದಲು ಅವನು ಮಾಡುವ ಕೆಲಸ ಬೆರಳಿನ ಗಂಟಿನಿಂದಲೋ ಉಳಿಯ ಹಿಡಿಯಿಂದಲೋ ದೋಣಿಯ ಮೈಯನ್ನೆಲ್ಲ ತಟ್ಟಿ ನೋಡುವುದು. ಗಟ್ಟಿಮರ ಕಣಕಣ ಎನ್ನುತ್ತದೆ. ಕೊಳೆತ ಮರ ಮಂಕಾಗಿ ಮಾರುತ್ತರ ಕೊಡುತ್ತದೆ. ಹಲಸಿನ ಹಣ್ಣನ್ನು ತಟ್ಟಿ ಕೊಳ್ಳುವ ಸೀಮೆಯವರಿಗೆ ಈ ಪರೀಕ್ಷೆಯನ್ನು ಹೇಳಿಕೊಡಬೇಕಾಗಿಲ್ಲ. ಕೂವೆಮರದ ಬುಡ ಕೂರುವ ತಾಣ, ಹಿಂಬದಿಯ ಹಲಗೆಯ ಎರಡು ಮೂಲೆಗಳು, ನಡುಹಲಗೆಯು ಇಳಿದು ಏರುವ ಗೂಡು, ಇವು ಮೂರೂ ನೀರು ನಿಲ್ಲುವ ಜಾಗಗಳು. ರೋಗವು ಅಲ್ಲಿಂದಲೇ ಹೊರಡುತ್ತದೆ. ಇಲ್ಲಿ ಒಂದು ವಿಚಿತ್ರವುಂಟು. ದೋಣಿಯ ಮರವನ್ನು ಕೊಳೆಯಿಸುವುದು ಸಮುದ್ರದ ಉಪ್ಪುನೀರಿಗಿಂತ ಹೆಚ್ಚಾಗಿ ಆಕಾಶದ ಸಿಹಿನೀರು. ಉಪ್ಪು ಊರಿದ ಮಾವಿನಕಾಯಿಯಂತೆ ಉಪ್ಪುಂಡ ಮರವೂ ಬಾಳುತ್ತದೆ. ಕನ್ನಂಬಾಡಿಯ ನೀರೂ ಸಿಹಿ, ಮೇಲಿನಿಂದ ಬೀಳುವ ಮಳೆಯೂ ಸಿಹಿ. ಆದುದರಿಂದ ಒಳನಾಡಿನ ಮರದ ದೋಣಿಗೆ ಕರಾವಳಿಯ ದೋಣಿಗಿಂತ ಹೆಚ್ಚಿನ ಉಪಚಾರ ಬೇಕು.

ಅನಂತರದ ಪ್ರಶ್ನೆ, ದೋಣಿಯನ್ನು ನೆನೆಸಬೇಕೇ ಬೇಡವೇ ಎಂಬುದು. ಇದರಲ್ಲಿ ತಪ್ಪಿದವನು ದೋಣಿಯನ್ನೇ ಕಳೆದುಕೊಂಡಾನು. ಹಲಗೆಯ ಮೇಲೆ ಹಲಗೆಯನ್ನು ಒತ್ತಿ ಕಟ್ಟಿದ ಹಳೆಯ ಮಾದರಿಯ ದೋಣಿ ಬಿಸಿಲಿಗೆ ಒಣಗಿದರೆ ಸಂದುಗಳು ಬಾಯಿ ಬಿಡುತ್ತವೆ. ಅದನ್ನು ಹಾಗೆಯೇ ನೀರಿಗೆ ನೂಕಿದರೆ ಜರಡಿಯನ್ನು ನೂಕಿದಂತೆ. ಮೊದಲು ಒದ್ದೆಯ ಗೋಣಿತಟ್ಟುಗಳನ್ನು ಹಾಸಿ, ಒಂದೆರಡು ದಿನ ನೀರು ಕುಡಿಸಬೇಕು. ಮರ ಊದಿಕೊಂಡು ಸಂದುಗಳು ತಾವಾಗಿ ಮುಚ್ಚುತ್ತವೆ. ಬೇಸಗೆಯಲ್ಲಿ ಗುಂಬ ಅರೆಗಳೆಲ್ಲ ಸಡಿಲಗೊಂಡು ಕಟಕಟ ಎನ್ನುವ ಗಾಡಿಯ ಚಕ್ರವನ್ನು ಕೆರೆಯ ನೀರಿನಲ್ಲಿ ಮಲಗಿಸಿ ಬಿಗಿಮಾಡಿಕೊಂಡ ನೆನಪು ಹಿರಿಯರಿಗೆ ಇನ್ನೂ ಮಾಸಿಲ್ಲ. ಆದರೆ ಎಂಟರ್‌ಪ್ರೈಸಿನಂಥ ಪ್ಲೈವುಡ್ಡಿನ ದೋಣಿಗೆ ಈ ಚಿಕಿತ್ಸೆಯೇ ವಿಷ. ಅದು ತೆಳ್ಳನೆಯ ಪದರಗಳನ್ನು ಅಂಟಿಸಿ ಮಾಡಿದ ಹಲಗೆ. ಅದರ ಅಂಚು ಒಮ್ಮೆ ನೀರು ಕುಡಿಯಿತೆಂದರೆ ಪದರಗಳು ಹಪ್ಪಳದಂತೆ ಎದ್ದುಬರುತ್ತವೆ. ಅಂಚುಗಳನ್ನು ಒಣಗಿಸಿ, ಅಂಟನ್ನು ಉಣಿಸಿ, ಬಣ್ಣದಿಂದ ಮುಚ್ಚಬೇಕು. ಒಂದು ದೋಣಿ ನೀರಿಲ್ಲದೆ ಸಾಯುತ್ತದೆ, ಪಕ್ಕದ ದೋಣಿ ನೀರಿನಿಂದ ಸಾಯುತ್ತದೆ. ಚಕ್ರದ ಅನುಭವವನ್ನು ನೆಚ್ಚಿ ಬಡಗಿಯು ಎರಡನ್ನೂ ಕೆರೆಗೆ ಇಳಿಸದಂತೆ ಒಡೆಯನೇ ಎಚ್ಚರ ವಹಿಸಬೇಕು.

ವಾರ್ನಿಷಿನ ಕೆಲಸಕ್ಕೆ ಆಷಾಢದವರೆಗೆ ಕಾಯುವಂತಿಲ್ಲ. ಜಿನುಗುವ ಮಳೆಯಲ್ಲಿ ಬಳಿದ ವಾರ್ನಿಷು ಹಾಲಿನಂತೆ ಮಂಕಾಗುತ್ತದೆ. ಯುಗಾದಿ ಕಳೆದ ಮೇಲೆ, ಧೂಳು ಏಳದ ಬೆಳಗಿನ ಹೊತ್ತಿನಲ್ಲಿ, ನೆರಳಿನಲ್ಲಿ ಮಾಡಬೇಕಾದ ಕೆಲಸ ಅದು. ಮರಳುಕಾಗದದಿಂದ ಮರದ ಎಳೆಯ ಗುಂಟ ಉಜ್ಜಿ, ಒರಸಿ, ಮೊದಲ ಲೇಪವನ್ನು ಟರ್ಪೆಂಟೈನಿನಿಂದ ನೀರಾಗಿಸಿ ಮರಕ್ಕೆ ಕುಡಿಸಿ, ಅದು ಒಣಗಿದ ಮೇಲೆ ಮತ್ತೆ ಉಜ್ಜಿ ಮತ್ತೆ ಬಳಿಯಬೇಕು. ಇದನ್ನು ನಾಲ್ಕೈದು ಸಲ ಮಾಡುವಷ್ಟರಲ್ಲಿ ಆಟಗಾರನ ಉತ್ಸಾಹದ ಪರೀಕ್ಷೆಯೂ ಆಗಿಹೋಗುತ್ತದೆ. ಹಾಗೆಂದು ಹತ್ತಾರು ಲೇಪ ಹಾಕುವುದೂ ಜಾಣತನವಲ್ಲ. ಪ್ರತಿ ಲೇಪಕ್ಕೂ ತೂಕವಿದೆ, ತೂಕದ ದೋಣಿಗೆ ವೇಗವಿಲ್ಲ.

ಕರಾವಳಿಯ ಮೀನುಗಾರರು ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡಿಕೊಂಡು ಬಂದವರು. ಮರದ ದೋಣಿಗೆ ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಹಚ್ಚುವುದು ಅವರ ಪದ್ಧತಿ. ಹೊಳಪಿಲ್ಲ, ವಾಸನೆ ವಿಪರೀತ; ಆದರೆ ಹುಳು ಹತ್ತಿರ ಸುಳಿಯದು. ಕರಾವಳಿಗೂ ಕನ್ನಂಬಾಡಿಗೂ ಕಾಲವು ತಿರುಗುಮುರುಗು ಎಂಬುದನ್ನೂ ಇಲ್ಲಿ ಗಮನಿಸಬೇಕು. ಮಳೆಗಾಲ ಹಿಡಿಯಿತೆಂದರೆ ಅಲ್ಲಿ ದೋಣಿಗಳು ದಡ ಏರುತ್ತವೆ. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧವೂ ಇದೆ. ನೂಲುಹುಣ್ಣಿಮೆಯಂದು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿದ ಬಳಿಕವೇ ಮತ್ತೆ ದೋಣಿ ಇಳಿಸುವುದು ಅಲ್ಲಿಯ ಸಂಪ್ರದಾಯ. ಇಲ್ಲಿಯಾದರೋ ಅಲ್ಲಿಯ ದೋಣಿಗಳು ದಡದಲ್ಲಿ ಮಲಗಿರುವಾಗಲೇ ದೋಣಿ ಇಳಿಯಬೇಕು. ಕಡಲಿನಲ್ಲಿ ಕೊಲ್ಲುವ ಗಾಳಿ ಘಟ್ಟ ದಾಟಿ ಒಳನಾಡಿಗೆ ಬರುವಷ್ಟರಲ್ಲಿ ಸ್ವಲ್ಪ ಪಳಗಿರುತ್ತದೆ.

ಸ್ವಲ್ಪವೇ ಪಳಗಿರುತ್ತದೆ. ಇದನ್ನು ಮರೆತವರಿಗಾಗಿಯೇ ಮುಂದಿನ ಸಿದ್ಧತೆಗಳಿರುವುದು. ಕೂವೆಮರವನ್ನು ಎರಡು ಪಕ್ಕಕ್ಕೂ ಮುಂದಕ್ಕೂ ಹಿಡಿದು ನಿಲ್ಲಿಸುವ ತಂತಿಹಗ್ಗಗಳಲ್ಲಿ ಒಂದು ಎಳೆ ಹರಿದಿದ್ದರೂ ಅದು ಕಣ್ಣಿಗೆ ಕಾಣದು. ಹತ್ತಿಯ ಬಟ್ಟೆಯನ್ನು ಸುತ್ತಿ ಮೇಲಿನಿಂದ ಕೆಳಕ್ಕೆ ಎಳೆದರೆ ಹರಿದ ಎಳೆ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಕಚ್ಚಿದರೆ ಆ ತಂತಿಯನ್ನು ಬಿಸಾಡಬೇಕು. ಇನ್ನೊಂದು ವರ್ಷ ತಡೆದೀತೆಂಬ ಮಿತವ್ಯಯ ಇಲ್ಲಿ ಸಲ್ಲದು. ಹಾಯಿಯಲ್ಲಿ ಮೊದಲು ಸೋಲುವುದು ಬಟ್ಟೆಯಲ್ಲ, ಹೊಲಿಗೆಯ ದಾರ. ಬಿಸಿಲು ಅದನ್ನು ತಿನ್ನುತ್ತದೆ. ಉಗುರಿನಿಂದ ಕೆರೆದರೆ ದಾರ ಪುಡಿಯಾದಲ್ಲಿ ಹೊಲಿಗೆಯನ್ನು ಹೊಸದಾಗಿ ಹಾಕಿಸಬೇಕು. ಹತ್ತಿಯ ಹಾಯಿಗಳ ಕಾಲದಲ್ಲಿ ಬೂಷ್ಟಿನದೇ ದೊಡ್ಡ ಕಾಟವಿತ್ತು. ಒದ್ದೆಯ ಹಾಯಿಯನ್ನು ಮಡಚಿಟ್ಟವನು ಮರುವಾರ ಕರಿಚುಕ್ಕೆಯ ಚೀಟಿಬಟ್ಟೆಯನ್ನು ಬಿಚ್ಚುತ್ತಿದ್ದನು. ಚುಕ್ಕಾಣಿಯನ್ನು ಹಿಂಬದಿಗೆ ತಗಲಿಸುವ ಹಿತ್ತಾಳೆಯ ಕೊಂಡಿಗಳ ತಿರುಪು ಮೊಳೆಗಳನ್ನು ಒಂದೊಂದನ್ನಾಗಿ ಬಿಚ್ಚಿ ನೋಡಬೇಕು. ತಲೆ ಗಟ್ಟಿಯಾಗಿದ್ದು ಕಾಂಡ ಸವೆದುಹೋಗಿರುವ ಮೊಳೆಗಳು ಬಹಳ.

ಇಷ್ಟೆಲ್ಲದರಲ್ಲಿ ಅತ್ಯಂತ ಅಲ್ಪವಾದುದು ದೋಣಿಯ ತಳದ ಬಿರಡೆ. ದಡಕ್ಕೆ ಬಂದ ಮೇಲೆ ಒಳನೀರನ್ನು ಬಸಿಯಲು ಇರುವ ತೂತಿಗೆ ಹಾಕುವ, ಹೆಬ್ಬೆರಳಿನಷ್ಟು ಗಾತ್ರದ ವಸ್ತು. ಅದನ್ನು ಹಾಕಲು ಮರೆತು ನೀರಿಗಿಳಿದವರು ಎಲ್ಲ ದೇಶಗಳ ಎಲ್ಲ ಕ್ಲಬ್ಬುಗಳಲ್ಲಿಯೂ ಇದ್ದಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಅರ್ಧ ಮೈಲಿ ಹೋಗುವಷ್ಟರಲ್ಲಿ ದೋಣಿ ಭಾರವಾಗಿ, ಮಂದವಾಗಿ, ಕುಡಿದ ಕೋಣದಂತೆ ತೊನೆಯತೊಡಗುತ್ತದೆ. ಆಗ ಕೆಳಗಿರುವುದು ಹಲಸೂರಿನ ಕೆರೆಯಲ್ಲ, ಹಳೆಯ ಕನ್ನಂಬಾಡಿ. ಮುಳುಗಿದ ಊರಿನ ಬೀದಿ, ಬಾವಿ, ಗದ್ದೆಯ ಬದುಗಳ ಮೇಲೆ ನಿಂತ ಆಳದ ನೀರು. ಆ ಊರಿನ ವೇಣುಗೋಪಾಲಸ್ವಾಮಿಯ ಗುಡಿಯು ನೀರು ಇಳಿದ ಬೇಸಗೆಗಳಲ್ಲಿ ತಲೆಯೆತ್ತಿ ಜನರನ್ನು ಬೆರಗುಗೊಳಿಸುತ್ತಿತ್ತು. ಈಚಿನ ವರ್ಷಗಳಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ದಂಡೆಯ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಿದ್ದಾರೆ. ದೇವರು ದಡ ಸೇರಿದನು. ಮನೆಗಳ ಅಡಿಪಾಯಗಳು ಅಲ್ಲಿಯೇ ಉಳಿದಿವೆ.

ದೋಣಿ ಮಗುಚಿಕೊಂಡರೆ ಏನು ಮಾಡಬೇಕೆಂಬುದನ್ನು ಗಾಳಿ ಬೀಸುವ ಮುನ್ನವೇ, ಸೊಂಟದೆತ್ತರದ ನೀರಿನಲ್ಲಿ, ಬೇಕೆಂದೇ ಮಗುಚಿ ಕಲಿಯತಕ್ಕದ್ದು. ಒಬ್ಬನು ಹೊರಗಿನಿಂದ ನಡುಹಲಗೆಯ ಮೇಲೆ ನಿಂತು ತನ್ನ ಭಾರದಿಂದ ದೋಣಿಯನ್ನು ಎತ್ತಬೇಕು. ಇನ್ನೊಬ್ಬನು ಒಳಭಾಗದಲ್ಲಿ ತೇಲುತ್ತಿದ್ದು ದೋಣಿ ಏಳುವಾಗ ಅದರೊಡನೆಯೇ ಒಳಕ್ಕೆ ಬರಬೇಕು. ತೇಲುವ ಜಾಕೀಟಿನ ಗುಂಡಿಗಳೆಲ್ಲ ದಡದಲ್ಲಿಯೇ ಹಾಕಿರಬೇಕು. ಏನಾದರೂ ಆಗಲಿ, ದೋಣಿಯನ್ನು ಬಿಟ್ಟು ದಡಕ್ಕೆ ಈಜುವ ಸಾಹಸ ಮಾತ್ರ ಕೂಡದು; ನೀರಿನ ಮೇಲೆ ದಡ ಯಾವಾಗಲೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಹಾಯಿಯ ಹಗ್ಗವನ್ನು ಎಲ್ಲಿಗೂ ಕಟ್ಟಿಹಾಕದೆ ಕೈಯಲ್ಲೇ ಹಿಡಿದಿರಬೇಕೆಂಬುದು ಮತ್ತೊಂದು ಕಟ್ಟಪ್ಪಣೆ. ಹೊಸ ಹೋರಿಯ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡವನ ಗತಿ ಏನಾದೀತೆಂಬುದನ್ನು ಬಲ್ಲ ಹಳ್ಳಿಗನಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಆಟಗಾರನ ಶರೀರವೂ ಸಲಕರಣೆಗಳಲ್ಲಿ ಒಂದು. ಗಾಳಿ ಒತ್ತಿದಾಗ ದೋಣಿ ವಾಲದಂತೆ ಸವಾರನು ಅಂಚಿನಿಂದ ಹೊರಕ್ಕೆ ಬಾಗಿ ಕೂರಬೇಕು. ತೊಡೆ, ಹೊಟ್ಟೆಗಳ ಸ್ನಾಯುಗಳಿಗೆ ಅದು ಘೋರ ಶಿಕ್ಷೆ. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ಈ ಭಂಗಿಯನ್ನು ಸಾಧಿಸಲು ಮನೆಯಲ್ಲಿ ಒಂದು ಬೆಂಚನ್ನೇ ಮಾಡಿಕೊಂಡಿದ್ದನು. 1948ರ ಒಲಿಂಪಿಕ್ಸಿನಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಮೊದಲ ದಿನದ ಪಂದ್ಯವನ್ನು ಮುಗಿಸಲಾರದೆ ಹಿಂದಿರುಗಿದವನು ಕೊನೆಗೆ ಚಿನ್ನದ ಪದಕವನ್ನು ಗೆದ್ದನು. ಆಗ ಅವನು ಹತ್ತಿದುದು ಫೈರ್‌ಫ್ಲೈ ಎಂಬ ಮರದ ಡಿಂಗಿ. ಮುಂದಿನ ಮೂರು ಒಲಿಂಪಿಕ್ಸುಗಳಲ್ಲಿಯೂ ಚಿನ್ನವು ಅವನದೇ ಆಯಿತು. ನಮ್ಮವರ ಸಾಧನೆಯೂ ಇಲ್ಲದಿಲ್ಲ. 1982ರ ಏಷ್ಯನ್ ಕ್ರೀಡೆಗಳಲ್ಲಿ ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಫೈರ್‌ಬಾಲ್ ದೋಣಿಯಲ್ಲಿ ಭಾರತಕ್ಕೆ ಚಿನ್ನ ತಂದರು.

ಇನ್ನು ಪಂದ್ಯದ ವಿಚಾರ. ಗಾಳಿ ಬರುವ ದಿಕ್ಕಿಗೆ ನೆಟ್ಟನೆ ಹೋಗುವುದು ಯಾವ ಹಾಯಿಗೂ ಸಾಧ್ಯವಿಲ್ಲ. ಗಾಡಿಯು ಘಟ್ಟವನ್ನು ಸುತ್ತು ಸುತ್ತಾಗಿ ಏರುವಂತೆ ದೋಣಿಯು ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ ಗಾಳಿಯನ್ನು ಏರುತ್ತದೆ. ಬಲಗಡೆಯಿಂದ ಗಾಳಿ ಪಡೆದವನಿಗೆ ಎಡಗಡೆಯಿಂದ ಗಾಳಿ ಪಡೆದವನು ದಾರಿ ಬಿಡತಕ್ಕದ್ದು. ಆರಂಭಕ್ಕೆ ಐದು ನಿಮಿಷವಿರುವಾಗ ಒಂದು ಬಾವುಟ ಏರುತ್ತದೆ. ನಾಲ್ಕು ನಿಮಿಷಕ್ಕೆ ಇನ್ನೊಂದು. ಒಂದು ನಿಮಿಷ ಉಳಿದಾಗ ಅದು ಇಳಿಯುತ್ತದೆ. ನಿಲ್ಲಿಸಲು ಬಾರದ ದೋಣಿಗಳನ್ನು ಕಾಣದ ಗೆರೆಯ ಹಿಂದೆ ಹಿಡಿದಿಟ್ಟುಕೊಳ್ಳುವ ಆ ಒಂದು ನಿಮಿಷದಲ್ಲಿ ಅರ್ಧ ಪಂದ್ಯವು ಮುಗಿದುಹೋಗುತ್ತದೆಂದು ಬಲ್ಲವರು ಹೇಳುತ್ತಾರೆ. ಹಳೆಯ ದೋಣಿಗಳ ಕೂಟದಲ್ಲಿ ಒಂದು ಮತ್ತೊಂದರಂತಿರುವುದಿಲ್ಲ. ಆದುದರಿಂದ ಪ್ರತಿ ಜಾತಿಯ ದೋಣಿಗೂ ಒಂದು ಅಂಕಿಯನ್ನು ಗೊತ್ತುಮಾಡಿ, ಹಿಡಿದ ಕಾಲವನ್ನು ಸಾವಿರದಿಂದ ಗುಣಿಸಿ ಆ ಅಂಕಿಯಿಂದ ಭಾಗಿಸುತ್ತಾರೆ. ಅಂಕಿ 1000 ಇರುವ ದೋಣಿ 60 ನಿಮಿಷದಲ್ಲಿ ಬಂದಿತೆನ್ನೋಣ. ಅದರ ಲೆಕ್ಕ 60 ಆಯಿತು. ಅಂಕಿ 1200 ಇರುವ ಮಂದದ ದೋಣಿ 66 ನಿಮಿಷಕ್ಕೆ ಬಂದರೆ ಅದರ ಲೆಕ್ಕ 55. ಹಿಂದೆ ಬಂದವನಿಗೇ ಬಹುಮಾನ. ಹೀಗೆ ಅಜ್ಜನ ಕಾಲದ ದೋಣಿಗೂ ಗೆಲ್ಲುವ ಆಸೆ ಉಳಿಯುತ್ತದೆ. ಆಸೆಯಿದ್ದಲ್ಲಿ ಅದನ್ನು ದುರಸ್ತಿಮಾಡುವವನೂ ಇರುತ್ತಾನೆ.

ಕೂಟವನ್ನು ನಡೆಸುವವರ ಸಿದ್ಧತೆ ಆಟಗಾರರದಕ್ಕಿಂತ ಕಷ್ಟವಾದುದು. ಗುರುತಿನ ಬುರುಡೆಗಳನ್ನು ನೀರಿನಲ್ಲಿ ನೆಡಬೇಕಲ್ಲವೇ? ಸಾಧಾರಣ ಕೆರೆಯಲ್ಲಿ ಲಂಗರಿನ ಹಗ್ಗವನ್ನು ಒಮ್ಮೆ ಅಳೆದರೆ ಮುಗಿಯಿತು. ಕನ್ನಂಬಾಡಿಯಲ್ಲಿ ಕೊಡಗಿನ ಮಳೆ ಜೋರಾದರೆ ಕಟ್ಟೆಯ ಮಟ್ಟ ದಿನವೊಂದಕ್ಕೆ ಅಡಿಗಟ್ಟಲೆ ಏರುವುದುಂಟು. ನಿನ್ನೆ ಸರಿಯಿದ್ದ ಹಗ್ಗ ಇಂದು ಗಿಡ್ಡವಾಗಿ, ಬುರುಡೆಯು ಲಂಗರನ್ನೇ ಎತ್ತಿಕೊಂಡು ಗಾಳಿ ಹೋದತ್ತ ಹೊರಟುಬಿಡುತ್ತದೆ. ಹೊಸನೀರಿನೊಡನೆ ತೇಲಿಬರುವ ಕೊರಡುಗಳಿವೆ. ಅಂಚಿನ ಆಳವಿಲ್ಲದ ಕಡೆ ನೀರೊಳಗೆ ಅಡಗಿದ ಮೋಟುಮರಗಳೂ ಗೋಡೆಗಳೂ ಇವೆ. ನಡುಹಲಗೆಯು ಅವುಗಳಿಗೆ ತಗಲಿತೆಂದರೆ ನಾಲ್ಕು ತಿಂಗಳ ವಾರ್ನಿಷಿನ ತಪಸ್ಸು ಒಂದು ಕ್ಷಣದಲ್ಲಿ ಮುಗಿಯುತ್ತದೆ.

ಇವೆಲ್ಲವನ್ನು ಬಲ್ಲವರು ಯಾರು? ಹಿನ್ನೀರಿನ ಹರಿಗೋಲಿನ ಬೆಸ್ತರು. ಬಿದಿರಿನ ಹೆಣಿಗೆಯ, ದುಂಡನೆಯ ಹರಿಗೋಲು ಈ ನದಿಯ ಪುರಾತನ ವಾಹನ. ಹಿಂದೆ ಅದಕ್ಕೆ ಎಮ್ಮೆಯ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆ, ಮೇಲೆ ಟಾರಿನ ಲೇಪ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿಯೂ ಕಾವೇರಿಯ ಮೇಲೆ ಅದನ್ನು ಕಾಣಬಹುದು. ಅದಕ್ಕೆ ಹಾಯಿಯಿಲ್ಲ, ಮುಂದುಹಿಂದುಗಳಿಲ್ಲ. ಒಂದೇ ಹುಟ್ಟಿನಿಂದ ಅದನ್ನು ನೆಟ್ಟಗೆ ನಡೆಸುವುದು, ಹಾಯಿದೋಣಿಯಲ್ಲಿ ಪದಕ ಗೆದ್ದವನಿಗೂ ಸುಲಭವಲ್ಲ. ಬೆಸ್ತನು ಸಂಜೆ ಕಟ್ಟಿದ ಬಲೆಯನ್ನು ಮುಂಜಾನೆ ಎತ್ತುತ್ತಾನೆ. ಪಂದ್ಯದ ಹಾದಿಯನ್ನು ನಕ್ಷೆಯ ಮೇಲೆ ಗೀಚಿ, ಅವನನ್ನು ಒಂದು ಮಾತೂ ಕೇಳದೆ ಇಪ್ಪತ್ತು ದೋಣಿಗಳನ್ನು ಓಡಿಸಿದರೆ ಚುಕ್ಕಾಣಿಗಳಿಗೆ ಸಿಕ್ಕಿ ಹರಿಯುವುದು ಅವನ ಬಲೆ. ಆಟಗಾರನಿಗೆ ಅದರಿಂದ ಎರಡು ನಿಮಿಷ ನಷ್ಟ. ಬೆಸ್ತನಿಗೆ ಆ ವಾರದ ಅಕ್ಕಿ. ಕೂಟದ ಪಟ್ಟಿಯಲ್ಲಿ ಬಹುಮಾನದ ಬಟ್ಟಲುಗಳಿಗೆ ಹಣ ತೆಗೆದಿಡುವವರು ಮೊದಲು ಹರಿಗೋಲಿನವರನ್ನು ಕರೆದು ಕೂರಿಸಿಕೊಂಡು, ಬಲೆ ಎಲ್ಲಿದೆ, ಮೋಟುಮರ ಎಲ್ಲಿದೆ, ಯಾವ ಹೊತ್ತಿನಲ್ಲಿ ಗಾಳಿ ತಿರುಗುತ್ತದೆ ಎಂದು ಕೇಳಿ, ಆ ದಿನದ ದುಡಿಮೆಯನ್ನು ತುಂಬಿಕೊಟ್ಟು, ಕಾವಲಿಗೂ ಅವರನ್ನೇ ನಿಲ್ಲಿಸಿಕೊಳ್ಳುವುದು ಮೇಲು. ಎಂಜಿನ್ನಿನ ದೋಣಿ ತಲಪಲಾರದ ಮುಳ್ಳುಪೊದೆಯ ಅಂಚಿಗೂ ಹರಿಗೋಲು ಹೋಗಬಲ್ಲದು.

ಎಲ್ಲ ಸಿದ್ಧತೆಯೂ ಮುಗಿದ ಮೇಲೆ ದಿನವನ್ನು ಗೊತ್ತುಮಾಡುವವನು ಕ್ಲಬ್ಬಿನ ಕಾರ್ಯದರ್ಶಿಯಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲಿಲ್ಲ. ಇದ್ದ ನೀರನ್ನು ತಮಿಳುನಾಡಿಗೆ ಬಿಟ್ಟಾಗ ಮಂಡ್ಯದ ಜನ ಬೀದಿಗಿಳಿದರು. ಅಂಥ ವರ್ಷ ಹಿನ್ನೀರು ಹಿಂದೆ ಸರಿದು, ದೋಣಿ ಇಳಿಸುವ ದಂಡೆಯ ಮುಂದೆ ಬಿರುಕುಬಿಟ್ಟ ಕೆಸರು ಹರಡಿರುತ್ತದೆ. 2024ರ ಜುಲೈ ಕೊನೆಗೆ ಕಟ್ಟೆ ತುಂಬಿತು. 2025ರಲ್ಲಿಯಾದರೋ ಜೂನ್ ತಿಂಗಳು ಮುಗಿಯುವ ಮುನ್ನವೇ ತುಂಬಿ, ಅದರ ಚರಿತ್ರೆಯಲ್ಲೇ ಮೊದಲ ಸಲವೆಂಬ ಕೀರ್ತಿ ಪಡೆಯಿತು. ಆ ತಿಂಗಳ 30ರಂದು ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ನಾಲೆಗೆ ನೀರು ಬಿಟ್ಟು, ಆ ನೀರು ಹುಲಿಕೆರೆಯ ಸುರಂಗ ದಾಟಿ, ಮಳವಳ್ಳಿಯ ಕಡೆಯ ಗದ್ದೆಗೆ ಮುಟ್ಟಿ, ನಾಟಿಯ ಹೆಂಗಸರು ಸಾಲುಗಟ್ಟಿ ಬಗ್ಗಿದ ವಾರದಲ್ಲಿ ಹಿನ್ನೀರಿನ ಮೇಲೆ ಹಾಯಿ ಬಿಚ್ಚಿದರೆ ಯಾರೂ ಮುನಿಯುವುದಿಲ್ಲ. ಪೈರು ಒಣಗುತ್ತಿರುವಾಗ, ಉಳಿದ ನೀರಿನ ಮೇಲೆ ಬಣ್ಣಬಣ್ಣದ ಹಾಯಿಗಳ ಚಿತ್ರ ಪತ್ರಿಕೆಯಲ್ಲಿ ಬಂದರೆ ಕಿರುಗಾವಲಿನ ಹೋಟೆಲಿನಲ್ಲಿ ಅದನ್ನು ಯಾವ ಮುಖದಿಂದ ನೋಡಿಯಾರು! ಅಂಥ ವರ್ಷ ಕೂಟವನ್ನು ಮುಂದೂಡುವುದೇ ಸರಿ. ದೋಣಿಗೆ ಅದರಿಂದ ಕೇಡಿಲ್ಲ. ಇನ್ನೊಂದು ಲೇಪ ವಾರ್ನಿಷು ಒಣಗಲು ಬಿಡುವು ದೊರೆಯುತ್ತದೆ.

ಗಾಳಿಯೂ ನೀರೂ ಕೂಡಿಬಂದ ವರ್ಷ, ಬೆಳಗಿನ ಎಂಟು ಗಂಟೆಗೆ ದಂಡೆಯಲ್ಲಿ ನೋಡಬೇಕು. ದೋಣಿಗಳು ಒಂದೊಂದಾಗಿ ಕೈಗಾಡಿಯ ಮೇಲೆ ಇಳಿದು ಬರುತ್ತವೆ. ಗಾಜಿನ ನಾರಿನ ಬಿಳಿಯ ಸಾಲಿನಲ್ಲಿ ಜೇನುಬಣ್ಣದ ಮರದ ದೋಣಿಯೊಂದು ನಿಂತರೆ ಎಲ್ಲರೂ ಬಂದು ಅದರ ಮೈ ಸವರಿ ಹೋಗುತ್ತಾರೆ. ಜೊತೆಗೆ ಬಂದ ಬಡಗಿಯು ದೂರದಲ್ಲಿ ಬೀಡಿ ಹಚ್ಚಿ, ತಾನು ಹೊಸದಾಗಿ ಕೂರಿಸಿದ ಮೂಲೆಹಲಗೆಯನ್ನು ಅವರು ಗುರುತಿಸುವರೋ ಇಲ್ಲವೋ ಎಂದು ನೋಡುತ್ತಿರುತ್ತಾನೆ. ಗುರುತಿಸದಿದ್ದರೆ ಕೆಲಸ ಚೆನ್ನಾಗಿದೆಯೆಂದು ಅರ್ಥ. ಸವಾರನು ಹಾಯಿಯನ್ನು ಏರಿಸುತ್ತಾನೆ. ಅದು ಪಟಪಟನೆ ಬಡಿದುಕೊಳ್ಳುತ್ತದೆ. ಚುಕ್ಕಾಣಿಯನ್ನು ತಗಲಿಸಿ, ಜಾಕೀಟಿನ ಗುಂಡಿಗಳನ್ನು ಮುಟ್ಟಿ ನೋಡಿಕೊಂಡು, ದೋಣಿಯನ್ನು ಮೊಣಕಾಲಿನ ನೀರಿಗೆ ನೂಕುತ್ತಾನೆ. ಆಗ ಬಡಗಿಯು ಬೀಡಿಯನ್ನು ಎಸೆದು ಓಡಿ ಬಂದು, ಅಂಗೈ ತೆರೆದು ತೋರಿಸುತ್ತಾನೆ.

“ಸ್ವಾಮೀ, ಬಿರಡೆ!”